ಮಷೀನಿಗೂ ಒಂದು ಟಿಕೇಟು

ಹಳಿಯಾಳದ ಬಸ್ಸು ಸದಾಶಿವಗಡದ ಬುಡದಲ್ಲಿ
ನಮ್ಮನ್ನು ಇಳಿಸಿ, ಇನ್ನು ನೀವುಂಟು ನೀರುಂಟು
ಎಂಬಂತೆ ಹೊಗೆ ಬಿಟ್ಟು ಹಿಂದಕ್ಕೆ ತಿರುಗಿತು.
ಎದುರಿಗೆ ಕಾಳಿ. ಅದರಾಚೆ ಕೋಡಿಬಾಗ,
ಅಷ್ಟೇ ಅಷ್ಟು. ಬಾಳು ಅದನ್ನು ಹೆಬ್ಬೆರಳಿಂದ
ಮುಚ್ಚಿದ, ತೆಗೆದ, ಮುಚ್ಚಿದ.

ಅವ್ವನ ಕೈಯಲ್ಲಿ ಸರಕಾರದ ಕಾಗದ:
ಮಧ್ಯಾಹ್ನದೊಳಗೆ ಕಾರವಾರದ ದವಾಖಾನೆಗೆ ಹಾಜರಾಗತಕ್ಕದ್ದು.
ಅಪ್ಪನ ಹೆಸರು ಆ ಕಾಗದದಲ್ಲಿ ಇರಲಿಲ್ಲ.
ಅಪ್ಪನ ಹೆಗಲ ಮೇಲೆ ಹೊಲಿಗೆ ಮಷೀನಿನ ತಲೆ,
ದುಪ್ಪಟಿಯಲ್ಲಿ ಸುತ್ತಿದ್ದು, ಮೈಯಲ್ಲಿ ನೆಟ್ಟಗಿಲ್ಲದ ಕೂಸಿನಂತೆ.
ಕಾಲು ಹಮಾಲನ ಬೆನ್ನಿಗೆ.

'ಇದಕ್ಕೂ ಒಂದು ಟಿಕೇಟು' ಅಂದ ಲಾಂಚಿನವ.
'ಇದೇನ್ ಉಣ್ತದೇನ್ರಿ?'
'ಜಾಗ ತಿಂತದಲ್ಲ.'
ಅಪ್ಪ ನಾಕಾಣೆ ಕೊಟ್ಟು ನನಗೆ ಹೇಳಿದ:
'ಗಾಲಿ ಗಟ್ಟ್ಯಾಗಿ ಹಿಡ್ಕೋ. ತಿರುಗಗೊಡಬ್ಯಾಡ.'

ಹೊಳೆಯ ನಡುಮಧ್ಯ ಎದ್ದು ಬಿದ್ದ ಲಾಂಚು.
ನನ್ನ ಅಂಗೈಯೊಳಗೆ ಕಬ್ಬಿಣದ ಗಾಲಿ
ಒಂದು ಗೇಣು ಮುಂದೆ, ಒಂದು ಗೇಣು ಹಿಂದೆ,
ಯಾರೋ ಕಾಣದವರು ಕೂತು
ನೀರಿಗೆ ಅಂಚು ಕಟ್ಟುತ್ತಿದ್ದಂತೆ.
ಬಾಳು ಕೈ ಅದ್ದಿ ನೆಕ್ಕಿದ. 'ಅಕ್ಕಾ, ಯಾರೋ ಉಪ್ಪು ಹಾಕ್ಯಾರ!'
ತಿಸರೆಯ ಬುಟ್ಟಿ ಇಟ್ಟುಕೊಂಡ ಮುದುಕಿ
ಹಲ್ಲಿಲ್ಲದ ಬಾಯಿ ತುಂಬ ನಕ್ಕಳು.
ಅವ್ವ ಮಾತ್ರ ನೀರು ನೋಡಲಿಲ್ಲ.
ಕೆರೆಯ ಊರಿನವಳು; ಆಚೆ ದಡ ಹತ್ತಿರವಾಗುವ ತನಕ
ಅದೇ ಕಾಗದವನ್ನು ಓದಿದಳು.

ಬಾಡಿಗೆ ಮನೆಯ ಸರಸಾಬಾಯಿ ಬಾಂದೇಕರ
ಬಾಗಿಲಲ್ಲೇ ಕೈ ಬೀಸಿ, 'ಬಸ್, ಬಸ್' ಅಂದರು.
'ಬಸ್ಸಿನ್ಯಾಗ ಅಲ್ರೀ, ಲಾಂಚಿನ್ಯಾಗ ಬಂದ್ವಿ' ಅಂದೆ ನಾನು.
ಅವರು ಚಾಪೆ ತಟ್ಟಿ ತೋರಿಸಿದ ಮೇಲೆ ತಿಳಿಯಿತು,
ಈ ಊರಲ್ಲಿ ಬಸ್ ಅಂದರೆ ಹೋಗುವುದಲ್ಲ,
ಕೂತುಕೊಳ್ಳುವುದು.

ಸಂಜೆ ಅವ್ವ ಬಂದಳು, ಬಿಳಿ ಸೀರೆಯ ನಿರಿಗೆಯಲ್ಲಿ ಮರಳು.
ಇಡೀ ದಿನಕ್ಕೆ ಒಂದೇ ಮಾತು ಕಲಿತಿದ್ದಳು: ದುಕ್ತಾ.
'ಹೊಟ್ಟಿ ಮುಟ್ಟಿದ್ರ ದುಕ್ತಾ, ಮೊಣಕಾಲು ಮುಟ್ಟಿದ್ರ ದುಕ್ತಾ.
ನಮ್ಮ ಕಡೆ ದುಃಖ ಮನಸಿಗಷ್ಟ ಇರ್ತದ.
ಇವರಿಗೆ ನೋಡು, ಕಿರುಬೆರಳಿಗೂ ಅದ.'
ಭಾವಿಯ ನೀರೇ ಉಪ್ಪೆಂದು ಅವಳಿಗೆ ಗೊತ್ತಿರಲಿಲ್ಲ.
ಸಾರಿಗೆ ದಿನದ ಹಾಗೇ ಚಿಟಿಕೆ ಹಾಕಿದಳು.
ಯಾರೂ ಬಾಯಿ ಬಿಡಲಿಲ್ಲ. ಬಾಳು ಮೂರು ಸಲ ನೀರು ಕೇಳಿದ,
ಅದೂ ಉಪ್ಪು.

ಅಪ್ಪ ಕತ್ತಲಾದ ಮೇಲೆ ಬಂದ.
ಕೊರಳಲ್ಲಿ ಇಂಚುಪಟ್ಟಿ ಹಾಗೇ ಜೋತಾಡುತ್ತಿತ್ತು,
ಅದನ್ನು ಹಾಕಿಕೊಂಡೇ ಸಮುದ್ರ ನೋಡಿ ಬಂದಿದ್ದ.
ಗಿರಾಕಿ ಸಿಕ್ಕರೇ ಎಂದು ಅವ್ವ ಕೇಳಲಿಲ್ಲ.
ರೊಟ್ಟಿ ಮುರಿಯುತ್ತ ತಾನೇ ಹೇಳಿದ:
'ದಂಡಿಮ್ಯಾಲೆ ಗಂಡಸರು ಬಲಿ ಹಣೀತಿದ್ರು. ನಿಂತು ನೋಡಿದೆ.
ನಾ ಜಲ್ಮಾ ಪೂರಾ ತೂತು ಮುಚ್ಚಿದಾಂವ.
ಅವರು ತೂತನ್ನ ಹೊಲೀತಾರ ಮಾರಾಯ್ತಿ,
ಒಂದೊಂದ ತೂತೂ ಎರಡು ಬೆರಳು, ಲೆಕ್ಕಾ ತಪ್ಪಂಗಿಲ್ಲ.'
ಹೇಳುವಾಗ ಎರಡು ಬೆರಳು ಎತ್ತಿ ಹಿಡಿದಿದ್ದ.
ಇಳಿಸಲು ಬಹಳ ಹೊತ್ತು ಮರೆತ.

ಆಮೇಲೆ ಮಷೀನಿಗೆ ಎಣ್ಣೆ ಬಿಟ್ಟ, ದೀಪವಿಲ್ಲದೆ.
ದೂರ ನಡುಗಡ್ಡೆಯ ದೀಪ ಕಿಟಕಿಗೆ ಬಂದು
ಸೂಜಿಯನ್ನು ಒಮ್ಮೆ ತೋರಿಸಿ ಹೋಗುತ್ತಿತ್ತು.

ಮಲಗಿದರೆ ನೆಲ ಇನ್ನೂ ತೂಗುತ್ತಿತ್ತು.
ಬಾಳು ನಿದ್ದೆಯಲ್ಲಿ ನನ್ನ ಸೆರಗಿಲ್ಲದ ಲಂಗ ಹಿಡಿದುಕೊಂಡಿದ್ದ.
ನಾನು ಕತ್ತಲಲ್ಲಿ ಕೈ ಚಾಚಿ
ಗಾಲಿಯನ್ನು ಹುಡುಕಿ ಹಿಡಿದೆ.
ತಿರುಗಗೊಡಬ್ಯಾಡ ಅಂದಿದ್ದ ಅಪ್ಪ,
ಬಿಡು ಅಂತ ಇನ್ನೂ ಹೇಳಿರಲಿಲ್ಲ.