ಹಳದಿ ಗೀಟು

ಅಲ್ವಾನಿಯ ಗ್ಯಾರೇಜಿನಲ್ಲಿ ನನ್ನದು ಕೊನೆಯ ಕೆಲಸ:
ಇರೋದಿ ಮಾಮ ಬಿಗಿದ ಒಂದೊಂದು ಬೋಲ್ಟಿನ ತಲೆಯಿಂದ
ಅದು ಕೂತ ಕಬ್ಬಿಣದವರೆಗೆ
ಒಂದು ಗೀಟು ಎಳೆಯುವುದು.
ಬಣ್ಣದ ಡಬ್ಬಿ ಮೇ ತಿಂಗಳಲ್ಲೇ ಒಣಗಿತ್ತು;
ಆಮೇಲೆ ನನ್ನದೇ ಉಗುರುಬಣ್ಣ,
ತೆಲಾವಿಯ ಸಂತೆಯಲ್ಲಿ ಕೊಂಡದ್ದು,
ಯಾವ ಮದುವೆಗೂ ಹಚ್ಚಲಾಗದಷ್ಟು ಹಳದಿ.

ಗೀಟು ನೆಟ್ಟಗಿದ್ದರೆ ಬೋಲ್ಟು ಇದ್ದಲ್ಲೇ ಇದೆ.
ಮುರಿದಿದ್ದರೆ ಹೊರಟಿದೆ.
ಇಷ್ಟೇ ಲಿಪಿ. ಓದಲು ಟಾರ್ಚು ಸಾಕು,
ಕೆಸರಲ್ಲಿ ಮಂಡಿಯೂರಲು ಮನಸ್ಸು ಬೇಕು.

ಜೂನಿನಲ್ಲಿ ಹಿಮ ಕಡಿದು ಕಣಿವೆಯ ದಾರಿ ತೆರೆದರು.
ಬಚೂವಾ ತನ್ನ ಡೆಲಿಕಾ ತಂದು ನಿಲ್ಲಿಸಿದ.
ಅಬಾನೋ ಏರುವಾಗ ಎಂಜಿನ್ನು ಅಳುತ್ತದೆ, ಅದು ಕೇಳಿಸುತ್ತದೆ;
ಇಳಿಯುವಾಗ ಸಡಿಲಾಗುವ ಬೋಲ್ಟು ಮಾತ್ರ
ಸದ್ದು ಮಾಡುವ ಹೊತ್ತಿಗೆ ತಡವಾಗಿರುತ್ತದೆ.

ಮಾಮನದು ಮಾತು ಕಮ್ಮಿ. ಪಾನಾ ಹಿಡಿದರೆ ಮಾತ್ರ
"ಬಿಗಿಯೋದು ಅಂದ್ರೆ ಹಿಂಡೋದಲ್ಲ ಗೋಗೋ, ಎಳೆಯೋದು.
ಒಳಗೆ ಬೋಲ್ಟು ಕೂದಲೆಳೆಯಷ್ಟು ಉದ್ದ ಆಗುತ್ತೆ.
ಮತ್ತೆ ಕುಗ್ಗಬೇಕು ಅನ್ನೋ ಅದರ ಹಟ ಇದೆಯಲ್ಲ,
ಬ್ರೇಕನ್ನ ಹಿಡಿದಿರೋದು ಆ ಹಟ.
ಜಾಸ್ತಿ ಎಳೆದೆಯೋ, ಹಟವೇ ಸತ್ತುಹೋಗುತ್ತೆ."

ತೋಳಿನ ಬೋಲ್ಟುಗಳನ್ನು ಅವನು ಜಾಕಿಯ ಮೇಲೆ ಬಿಗಿಯುವುದಿಲ್ಲ;
ಗಾಡಿಯನ್ನು ನೆಲಕ್ಕಿಳಿಸಿ,
ತನ್ನ ಭಾರದ ಮೇಲೆ ತಾನು ನಿಂತ ಮೇಲೆ, ಅಡಿಗೆ ತೆವಳಿ.
ಕಿರೀಟದ ನಟ್ಟಿಗೆ ಪ್ರತಿ ಸಲ ಹೊಸ ಕಡಾಣಿ.
ಹಳೆಯದನ್ನು ಬಡಿದು ನೆಟ್ಟಗೆ ಮಾಡಿ ತಂದವನನ್ನು
ಒಮ್ಮೆ ಅಂಗಳದಿಂದಲೇ ಅಟ್ಟಿದ್ದ.
ನೀಲಿ ಅಂಟು, ಎರಡು ಹನಿ:
ಶೀಶೆಯಲ್ಲಿ ಗಾಳಿ ಇರುವತನಕ ನೀರು,
ತಿರುಪಿನ ಸಂದಿಯಲ್ಲಿ ಉಸಿರು ಕಟ್ಟಿದರೆ ಕಲ್ಲು.

ಮೂರನೆಯ ಪಯಣದ ರಾತ್ರಿ ಒಮಾಲೊದಿಂದ ಫೋನು.
"ಎಡಗಡೆ, ಮುಂದಿನ ಚಕ್ರ. ಕ್ಯಾಲಿಪರಿನ ಕೆಳಗಿಂದು.
ಗೀಟು ಮುರಿದಿದೆ."
"ಎಷ್ಟು?"
"ಗೋಧಿಕಾಳಿನಷ್ಟು."
ನಾನು ಮಾಮನತ್ತ ನೋಡಿದೆ.
ಅವನು ಬೂಟು ಹುಡುಕಲಿಲ್ಲ. ನನ್ನ ಬೂಟು ಎತ್ತಿ ಕೊಟ್ಟ.

ಬೆಳಗಿನ ಗಾಡಿಯಲ್ಲಿ, ಹಿಟ್ಟಿನ ಮೂಟೆಗಳ ನಡುವೆ, ನಾನು;
ಸೊನ್ನೆಗೆ ಇಳಿಸಿದ ಟಾರ್ಕ್ ಪಾನಾ ತೊಡೆಯ ಮೇಲೆ.
ತಿರುವು ತಿರುವಿಗೂ ಕಪ್ಪು ಕಲ್ಲು, ಕೆತ್ತಿದ ಮುಖ,
ಸತ್ತವರ ಹೆಸರಲ್ಲಿ ಕುಡಿಯುವವರಿಗೆಂದು
ಕವುಚಿಟ್ಟ ಒಂದು ಗ್ಲಾಸು.
ಎಲ್ಲ ಮುಖ ನೋಡಲಿಲ್ಲ. ಒಂದರ ಹುಬ್ಬು ಮಾಮನದು.

ಚಕ್ರ ಬಿಚ್ಚಿದೆ. ಬೋಲ್ಟು ಬೆರಳಿಗೇ ಬಂತು.
ಅದು ಕೂತ ಜಾಗದಲ್ಲಿ ತುಕ್ಕಿನ ಒಂದು ಹಕ್ಕಳೆ,
ಜಜ್ಜಿ ಪುಡಿಯಾದದ್ದು.
ಹಕ್ಕಳೆ ಪುಡಿಯಾದಷ್ಟು ಬಿಗಿ ಇಳಿದಿತ್ತು, ಅಷ್ಟೇ.
ತಂತಿ ಬ್ರಷ್ಷಿನಿಂದ ಆ ಜಾಗ ಉಜ್ಜುವುದು ನನ್ನ ಕೆಲಸ.
ಆ ದಿನ ತಂಗಿಯ ನಿಶ್ಚಿತಾರ್ಥದ ಫೋಟೋ ಬರುತ್ತಿದ್ದವು.

ಉಜ್ಜಿದೆ, ಕಬ್ಬಿಣ ಬೆಳ್ಳಗಾಗುವವರೆಗೆ.
ಹೊಸ ಬೋಲ್ಟು, ಎರಡು ಹನಿ. ಪಾನಾ ಕ್ಲಿಕ್ಕೆಂದಿತು.
"ಅಂಟು ಕಲ್ಲಾಗಲಿ, ನಾಳೆ ಹೊರಡಿ" ಎಂದೆ,
ಜನ್ಮದಲ್ಲಿ ಮೊದಲ ಸಲ ಗಂಡಸರಿಗೆ ಅಪ್ಪಣೆ ಕೊಟ್ಟು.
ಏಳು ಮಂದಿ ಗೊಣಗಿದರು.
ಕುರಿದೊಗಲಿನ ಚೀಲದಿಂದ ಚೀಸು ತೆಗೆದು, ರೊಟ್ಟಿ ಮುರಿದು,
ನನಗೂ ಒಂದು ತುಂಡು ಕೊಟ್ಟು, ಗೊಣಗುತ್ತಲೇ ಉಳಿದರು.

ವಾಪಸು ಬಂದಾಗ ಮಾಮ ಕೇಳಿದ್ದು ಒಂದೇ:
"ಹಳೆ ಬೋಲ್ಟು ತಂದೆಯಾ?"
ಕೊಟ್ಟೆ. ಹೊಗೆಸೊಪ್ಪಿನ ತಗಡಿನ ಡಬ್ಬಿಗೆ ಹಾಕಿದ.
ಅದರೊಳಗೆ ಮೊದಲೇ ಒಂದಿತ್ತು, ಅರ್ಧ ಮುರಿದದ್ದು,
ತುಕ್ಕು ಹಿಡಿಯದಂತೆ ಗ್ರೀಸು ಸವರಿದ್ದು.

ಈಗ ಮೊದಲು ಬ್ರಷ್ಷು. ಫೋನು ಡ್ರಾಯರಿನಲ್ಲಿ.
ಉಗುರುಬಣ್ಣ ಅರ್ಧ ಶೀಶೆ ಉಳಿದಿದೆ;
ಅಕ್ಟೋಬರಿನಲ್ಲಿ ದಾರಿ ಮುಚ್ಚುವವರೆಗೆ
ಬರಬಹುದು.