ಬಿಸ್ಕತ್ ಡಬ್ಬಿಯ ಹಾವು

ಗ್ರಿಮ್ಸ್‌ಬಿಯ ಹಿತ್ತಿಲ ಶೆಡ್ಡು.
ಆರ್ಚಿ ಕೈಯಾರೆ ಮಾಡಿದ ಪೆಡಲ್ಲು,
ಬಿಸ್ಕತ್ ಡಬ್ಬಿಯೊಳಗಿನ ಹಾವು,
ಗಿಟಾರು ಮುಟ್ಟುವ ಮೊದಲೇ ಬುಸ್ಸೆನ್ನುತ್ತದೆ.

ಹಾವೂ ಸಾಯಬೇಕು, ಕೋಲೂ ಮುರಿಯಬಾರದು.
ಕೆಪಾಸಿಟರ್ ತುಸು ದೊಡ್ಡದಾದರೆ
ಬುಸುಬುಸು ಜೊತೆಗೆ ತಂತಿಯ ಹೊಳಪೂ ಹೋದೀತು.

ಕನ್ನಡಕ ಹಣೆಗೇರಿಸಿ
ಉದ್ದದ ವೈರು ಮೋಟು ಮಾಡಿದ,
ಅರ್ಥುಗಳನ್ನೆಲ್ಲ ಒಂದೇ ಕಡೆ ಬೆಸೆದ,
ಮೊದಲ ಹಂತದ ಹಳೇ ಕಾರ್ಬನ್ ರೆಸಿಸ್ಟರ್ ಕಿತ್ತು
ಬೇಳೆಯಷ್ಟು ನೀಲಿಯದೊಂದು ಕೂರಿಸಿದ.
ಬೆರಳು ಸುಟ್ಟಿತು; ಬಾಯಿಗಿಟ್ಟುಕೊಂಡ.

ಸ್ವಿಚ್ಚು ಒತ್ತಿದ.
ಏನೂ ಇಲ್ಲ.
ದೂರದ ಹಡಗುಕಟ್ಟೆಯಲ್ಲಿ ಸರಪಳಿಯೊಂದು
ಕಂಬಕ್ಕೆ ತಾಗಿದ್ದೂ ಕೇಳಿತು.

ಅಡುಗೆಮನೆ ಕಿಟಕಿಯಿಂದ ಎನಿಡ್:
‘ಏನ್ರೀ, ಕರೆಂಟು ಹೋಯಿತೇ?’
ಆರು ವಾರದಿಂದ ಅವಳಿಗೆ
ಅವನು ಅಲ್ಲಿದ್ದಾನೆ ಎನ್ನಲು
ಅದೊಂದೇ ಗುರುತು.

ಉತ್ತರಕ್ಕೆ
ದಪ್ಪ ತಂತಿಯೊಂದನ್ನೇ ಮೀಟಿದ.