ಹದಿನಾಲ್ಕನೆಯ ಹಗ್ಗ

ಮೂರು ಶನಿವಾರ ಆಯಿತು, ನೋಡುತ್ತಲೇ ಇದ್ದೇನೆ,
ಡೇರಿ ಕಟ್ಟೆಯ ಪಕ್ಕ ನಿಲ್ಲುತ್ತೀರಿ,
ಕೊರಳಲ್ಲಿ ಆಫೀಸಿನ ಗುರುತಿನ ಪಟ್ಟಿ,
ಕೈಯಲ್ಲಿ ಅರ್ಧ ಲೀಟರ್ ಹಾಲು.
ಪ್ಯಾಕೆಟ್ಟಿನ ತಣುಪು ಇಳಿಯುವವರೆಗೆ ನಿಂತು
ಹೋಗಿಬಿಡುತ್ತೀರಿ.

ನೋಡಲಿಕ್ಕೇನು, ನೋಡಿ. ದುಡ್ಡಿಲ್ಲ.
ಆದರೆ ನಿಮ್ಮ ಎಡಗಾಲ ಚಪ್ಪಲಿ
ನಿಮ್ಮನ್ನು ಕೇಳದೆ ತಾಳ ಹಾಕುವುದನ್ನು
ಕಂಡವಳು ನಾನೊಬ್ಬಳೇ ಅಲ್ಲ.
ಲೈನ್‌ಮನ್ ಬೋರಲಿಂಗನೂ ಕಂಡಿದ್ದಾನೆ,
ಕಂಬದ ಮೇಲಿಂದ ಎಲ್ಲ ಕಾಣುತ್ತದಂತೆ ಅವನಿಗೆ.

ಇದು ಗುತ್ತಲು ರಸ್ತೆ. ಗಾಳಿ ಈ ಕಡೆ ತಿರುಗಿದರೆ
ಫ್ಯಾಕ್ಟರಿಯ ಕಾಕಂಬಿ ವಾಸನೆ.
ಹೊಸಬರಿಗೆ ತಲೆ ಸುತ್ತುತ್ತದೆ,
ನಮಗೆ ಹಸಿವಾಗುತ್ತದೆ.
ಶಾಲೆಯ ಅಂಗಳ, ಹೆಡ್‌ಮಾಸ್ಟರು ಕೊಟ್ಟ ಬೀಗದಕೈ,
ಒಂದು ಟ್ಯೂಬ್‌ಲೈಟು, ಅದಕ್ಕೂ ಆಗಾಗ ತೂಕಡಿಕೆ.
ನೇರಳೆ ಕೊಂಬೆಯಿಂದ ಇಳಿಬಿದ್ದ ಹದಿನಾಲ್ಕು ಹಗ್ಗ,
ಹಳೆಯ ಸೀರೆ ಹರಿದು ಹೊಸೆದದ್ದು.
ಹಿಡಿಯುವವರು ಹದಿಮೂರು.

ಲೆಕ್ಕ ತಪ್ಪಿದ್ದು ಹೋದ ದೀವಳಿಗೆಯಲ್ಲಿ,
ಸಣ್ಣತಾಯಮ್ಮನ ಮಂಡಿಗೆ ಆಪರೇಷನ್ ಆದಾಗ.
ಈಗ ಅವಳು ಕಲ್ಲು ಬೆಂಚಿನ ಮೇಲೆ ಕೂತು
ನಮ್ಮ ತಪ್ಪು ಎಣಿಸುತ್ತಾಳೆ,
ಬಾಯಲ್ಲಿ ಎಲೆ ಅಡಿಕೆ, ಕಣ್ಣಲ್ಲಿ ಹೊಟ್ಟೆಕಿಚ್ಚು.
ಅವಳ ಎದುರು ಕೋಲು ಹೊಡೆಯುತ್ತಿದ್ದವಳು ನಾನು,
ಹನ್ನೊಂದು ವರ್ಷ.
ಈಗ ನನ್ನ ಸರದಿ ಬಂದಾಗ
ಎದುರಿಗೆ ಬರೀ ಗಾಳಿ.
ಗಾಳಿಗೆ ಕೋಲು ಹೊಡೆದು ನೋಡಿದ್ದೀರಾ?
ಇನ್ನೊಂದು ಮೆಟ್ಟಿಲಿದೆ ಅಂದುಕೊಂಡು
ಕತ್ತಲಲ್ಲಿ ಕಾಲಿಟ್ಟ ಹಾಗೆ.

ನಿಮ್ಮ ಮನಸ್ಸಿನ ಮಾತು ನನಗೆ ಗೊತ್ತು.
ಬರುವುದಿಲ್ಲ, ನಗುತ್ತಾರೆ, ಈ ವಯಸ್ಸಿಗೆ, ಈ ಮೈಗೆ,
ಊರು ಯಾವುದೋ, ಜನ ಯಾರೋ.
ನಗುತ್ತಾರೆ. ಸುಳ್ಳು ಯಾಕೆ ಹೇಳಲಿ.
ಟೈಲರ್ ನಯಾಜ್ ಮೊದಲ ದಿನ
ತನ್ನ ಹೆಬ್ಬೆರಳಿಗೆ ತಾನೇ ಹೊಡೆದುಕೊಂಡು
ಒಂದು ವಾರ ಗುಂಡಿ ಹೊಲಿಯಲಿಲ್ಲ.
ಬೀದಿಯ ಗಂಡಸರೆಲ್ಲ ಗುಂಡಿಯಿಲ್ಲದ ಅಂಗಿ ತೊಟ್ಟು
ವಾರವಿಡೀ ನಕ್ಕರು.
ಈಗ ಪದ ಎತ್ತಿಕೊಡುವವನು ಅವನೇ.

ನಾನೇನು ಹುಟ್ಟುತ್ತಲೇ ಕಲಿತು ಬಂದೆನೇ?
ನಲವತ್ತಾರಕ್ಕೆ ಮೊದಲ ಸಲ ಹಿಡಿದೆ.
ಅಲ್ಲಿಯತನಕ ಈ ಕೈಗೆ ಗೊತ್ತಿದ್ದದ್ದು
ಮುದ್ದೆ ತಿರುವುವ ಕೋಲೊಂದೇ.
ನಡುಗುವವಳಿಗೆ ಸಣ್ಣತಾಯಮ್ಮ ಹೇಳಿದ್ದಿಷ್ಟು:
"ಕಾಲು ನೋಡ್ಕಬ್ಯಾಡ ಕಣವ್ವ.
ಎದುರಿಗಿರೋಳ ಕಣ್ಣು ನೋಡು.
ಕಾಲು ತಾನಾಗೇ ಬತ್ತದೆ, ಹಸ ಹಟ್ಟಿಗೆ ಬಂದಂಗೆ."

ಇನ್ನೊಂದು ಗುಟ್ಟು.
ಜಡೆ ಕೋಲಾಟದಲ್ಲಿ ತಪ್ಪನ್ನು ಬಚ್ಚಿಡಲಾಗದು.
ಒಳಗೆ ನುಸುಳಬೇಕಾದವರು ಹೊರಗೆ ಹೋದರೆ
ತಲೆಯ ಮೇಲೆ ಹೆಣೆದ ಜಡೆಯಲ್ಲಿ
ಗಂಟಾಗಿ ಕೂರುತ್ತದೆ, ಬೀದಿಗೇ ಕಾಣುವ ಹಾಗೆ.
ಯಾರದೆಂದು ತಿಳಿದರೂ ಯಾರೂ ಹೇಳುವುದಿಲ್ಲ,
ಸಣ್ಣತಾಯಮ್ಮ ಒಬ್ಬಳನ್ನು ಬಿಟ್ಟು.
ಆಗ ಕತ್ತರಿ ತರುವುದಿಲ್ಲ.
ಹದಿಮೂರೂ ಜನ ಹಿಂದೆ ತಿರುಗಿ
ಬಂದ ಹೆಜ್ಜೆಯಲ್ಲೇ ಉಲ್ಟಾ ನಡೆಯುತ್ತೇವೆ,
ಕುಣಿಯುತ್ತಲೇ,
ಗಂಟಿನವರೆಗೆ.
ಹಾಗೆ ವಾಪಸು ನಡೆದ ಸಂಜೆಗಳೇ
ನನಗೆ ಹೆಚ್ಚು ನೆನಪು.

ಬನ್ನಿ. ಹಾಲನ್ನು ಸಣ್ಣತಾಯಮ್ಮನ ಕೈಗೆ ಕೊಡಿ,
ಕೆಟ್ಟರೆ ನಾಳೆ ನಮ್ಮನೆಯದು ಕೊಡುತ್ತೇನೆ.
ಚಪ್ಪಲಿ ಅಲ್ಲಿ ಬಿಡಿ, ಬೋರಲಿಂಗನ ಏಣಿಯ ಹತ್ತಿರ.
ಕೊರಳ ಪಟ್ಟಿ ತೆಗೆದು ಜೇಬಿಗೆ ಹಾಕಿ,
ಇಲ್ಲಿ ಹೆಸರು ಓದುವವರಿಲ್ಲ, ಕೂಗುವವರಿದ್ದಾರೆ.
ಹಗ್ಗ ಎಡಗೈಗೆ. ಕೋಲು ಬಲಗೈಗೆ.
ಕಗ್ಗಲಿ ಮರದ್ದು, ಅವಳದು,
ಹಿಡಿಯಲ್ಲಿ ಅವಳ ಹೆಬ್ಬೆರಳಿನ ಗುಳಿ ಇದೆ.
ನಿಮ್ಮದು ಅಲ್ಲಿ ಕೂರುವುದಿಲ್ಲ. ಇರಲಿ,
ಇನ್ನೊಂದು ಗುಳಿಗೆ ಜಾಗ ಇದೆ ಮರದಲ್ಲಿ.

ಒಂದು, ಎರಡು, ಅಯ್ಯೋ, ಹೊರಗಲ್ಲ,
ಒಳಗೆ, ನನ್ನ ತೋಳಿನ ಕೆಳಗಿಂದ...
ಆಯಿತಲ್ಲ ಗಂಟು!
ಬೈಯಲಿಕ್ಕೆ ಎದ್ದು ನಿಂತಳು ನೋಡಿ ಸಣ್ಣತಾಯಮ್ಮ,
ಆಪರೇಷನ್ ಆದಮೇಲೆ ಮೊದಲ ಸಲ, ಊರುಗೋಲಿಲ್ಲದೆ.
ನಿಲ್ಲಬೇಡ, ಕಣ್ಣು ನನ್ನ ಕಡೆ ಇಡು.
ಅಗೋ, ನೀವು ಅನ್ನುವುದು ಮರೆತೇಹೋಯಿತು.
ತಿರುಗು.
ಎಲ್ಲರೂ ತಿರುಗಿದ್ದೇವೆ.